ಪದ್ಯ ಉಳಿಯಿತು, ಪುಸ್ತಕ ಕಳೆಯಿತು: ಇಪ್ಪತ್ತನೆಯ ಶತಮಾನದ ನಡುಗಾಲದ ಕನ್ನಡ ಮಕ್ಕಳ ಪುಸ್ತಕಗಳು

ಕನ್ನಡದ ಮಕ್ಕಳ ಸಾಹಿತ್ಯವನ್ನು ಕುರಿತ ಈಚಿನ ಬರಹಗಳಲ್ಲಿ ಎರಡು ತೀರ್ಮಾನಗಳು ಚರ್ಚೆಯೇ ಇಲ್ಲದೆ ಒಪ್ಪಿತವಾದಂತೆ ಕಾಣುತ್ತವೆ. ಬಣ್ಣದ ಚಿತ್ರಪುಸ್ತಕಗಳು ಬರುವವರೆಗೆ ಮಕ್ಕಳಿಗಾಗಿ ಬರೆದದ್ದೆಲ್ಲ ನೀತಿಬೋಧೆಯೇ ಆಗಿತ್ತು ಎಂಬುದು ಒಂದು. ಹಾಗೆ ಬರೆದದ್ದರಲ್ಲಿ ಉಳಿಯುವಂಥದ್ದು ಹತ್ತಿಪ್ಪತ್ತು ಪದ್ಯಗಳು ಮಾತ್ರ ಎಂಬುದು ಇನ್ನೊಂದು. ಹೀಗೆ ಹೇಳುವವರು ಆ ಕಾಲದ ಬರಹವನ್ನು ಬಹುಮಟ್ಟಿಗೆ ಪಠ್ಯಪುಸ್ತಕದಲ್ಲಿ ಕಂಡವರು. ಪುಸ್ತಕವಾಗಿ, ಅಂದರೆ ಒಬ್ಬ ಲೇಖಕನ ಹೆಸರು, ಚಿತ್ರ, ಮುನ್ನುಡಿ, ಬೆಲೆ ಎಲ್ಲವೂ ಇರುವ ವಸ್ತುವಾಗಿ, ಅದನ್ನು ಕೈಯಲ್ಲಿ ಹಿಡಿದವರು ಕಡಿಮೆ. ಸುಮಾರು 1930ರಿಂದ 1975ರವರೆಗಿನ ಈ ಪುಸ್ತಕಗಳು ಎಲ್ಲಿಂದ ಬಂದವು, ಯಾರ ಕೈ ಸೇರಿದವು, ಹೇಗೆ ಕಾಣೆಯಾದವು ಎಂಬುದನ್ನು ತಿಳಿಯಲು ಬೆಂಗಳೂರು, ಮೈಸೂರುಗಳಿಗಿಂತ ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿಗಳ ಸೀಮೆಯೇ ಹೆಚ್ಚು ಅನುಕೂಲವಾದ ನೆಲೆ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯ ಭಾಗವಾಗಿ ಮದ್ರಾಸಿಗೆ ಸೇರಿದ್ದ, ತೆಂಕಣಕ್ಕೆ ಮೈಸೂರು ಸಂಸ್ಥಾನವನ್ನೂ ತುಂಗಭದ್ರೆಯ ಆಚೆಗೆ ಮುಂಬಯಿ ಪ್ರಾಂತ್ಯವನ್ನೂ ನಿಜಾಮರ ಸೀಮೆಯನ್ನೂ ನೆರೆಯಾಗಿ ಹೊಂದಿದ್ದ ಈ ಪ್ರದೇಶಕ್ಕೆ ಕನ್ನಡದ ಮಕ್ಕಳ ಸಾಹಿತ್ಯ ಒಂದೇ ದಾರಿಯಿಂದ ಬರಲಿಲ್ಲ.

ಆರಂಭದ ಕಾಲವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ಹೆಂಗಸರು ಮನೆಯಲ್ಲಿ ಹಾಡುತ್ತಿದ್ದ ಜೋಗುಳ, ಕಥನಗೀತೆಗಳಿಗೆ ಈ ಸೀಮೆಯಲ್ಲಿ ಕೊರತೆಯಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಹರಪನಹಳ್ಳಿ ಭೀಮವ್ವನವರ ಹಾಡುಗಳನ್ನು ದಾಸಸಾಹಿತ್ಯದ ಲೆಕ್ಕಕ್ಕೆ ಮಾತ್ರ ಸೇರಿಸುವ ವಿದ್ವಾಂಸರು ಅವನ್ನು ಕೇಳುತ್ತ ಬೆಳೆದ ಮಕ್ಕಳನ್ನು ಮರೆಯುತ್ತಾರೆ. ಅಚ್ಚಾದ ಮಕ್ಕಳ ಸಾಹಿತ್ಯದ ಮೊದಲ ಗಟ್ಟಿ ನೆಲೆ ಮಂಗಳೂರು. ಬಾಸೆಲ್ ಮಿಶನ್ನಿನ ಮುದ್ರಣಾಲಯ, ಶಾಲಾ ಇನ್‌ಸ್ಪೆಕ್ಟರಾಗಿದ್ದ ಪಂಜೆ ಮಂಗೇಶರಾಯರು (1874–1937), ಅವರು 1921ರಲ್ಲಿ ಗೆಳೆಯರೊಡನೆ ಕಟ್ಟಿದ ಬಾಲಸಾಹಿತ್ಯ ಮಂಡಲ, ಇವು ಮೂರೂ ಸೇರಿ ಮಕ್ಕಳಿಗಾಗಿಯೇ ಬರೆಯುವುದು ಒಂದು ಕಸುಬು ಎಂಬ ಭಾವನೆಯನ್ನು ನೆಲೆಗೊಳಿಸಿದವು. ಮದ್ರಾಸ್ ಪ್ರಾಂತ್ಯದಲ್ಲಿ ಕನ್ನಡ ಶಾಲೆಗಳು ಮುಖ್ಯವಾಗಿ ಇದ್ದದ್ದು ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಜಿಲ್ಲೆಗಳಲ್ಲಿ. ಕಡಲನ್ನೇ ಕಾಣದ, ಜೋಳದ ಹೊಲ ಮತ್ತು ಒಣ ಕೆರೆಯಂಗಳ ಬಲ್ಲ ಹುಡುಗರು ಕರಾವಳಿಯ ಬಿರುಗಾಳಿಯನ್ನೂ ಕೊಡಗಿನ ಹುತ್ತರಿಯನ್ನೂ ಪಂಜೆಯವರ ಪದ್ಯಗಳ ಮೂಲಕ ಬಾಯಿಪಾಠ ಮಾಡುವಂತಾದದ್ದು ಆಡಳಿತದ ಗಡಿಗಳಿಂದಲೇ ಹೊರತು ಯಾರೂ ಯೋಚಿಸಿ ಮಾಡಿದ ಏರ್ಪಾಡಿನಿಂದಲ್ಲ. ಆದರೂ ಆ ಪದ್ಯಗಳು ಇಲ್ಲಿ ಬೇರು ಬಿಟ್ಟವು. ನಾಗರಹಾವಿನ ಪದ್ಯದಲ್ಲಿ ಅಂಜಿಕೆ ಮತ್ತು ಆಸೆ ಎರಡೂ ಒಟ್ಟಿಗೆ ಇವೆ, ನೀತಿ ಎಳ್ಳಷ್ಟೂ ಇಲ್ಲ. ಹಾವನ್ನು ಹೊಲದ ಬದುವಿನಲ್ಲಿ ನಿತ್ಯ ಕಾಣುವ ಮಗುವಿಗೆ ಅದರ ಅರ್ಥವನ್ನು ಮೇಷ್ಟ್ರು ಬಿಡಿಸಿ ಹೇಳಬೇಕಾಗಿರಲಿಲ್ಲ.

ಮೈಸೂರಿನ ಕಡೆಯ ಪರಂಪರೆ ಎಲ್ಲರಿಗೂ ತಿಳಿದದ್ದು, ಅಗತ್ಯಕ್ಕಿಂತ ಹೆಚ್ಚು ಹೊಗಳಿಸಿಕೊಂಡದ್ದು ಕೂಡ. ಕುವೆಂಪು ಅವರ ಬೊಮ್ಮನಹಳ್ಳಿಯ ಕಿಂದರಿಜೋಗಿ ಇಂಗ್ಲಿಷ್ ಕವಿ ಬ್ರೌನಿಂಗನ ಕಥನಕವನದಿಂದ ಹೊರಟರೂ ಇಲಿಗಳ ದಂಡಿನ ವರ್ಣನೆಗೆ ಬಂದಾಗ ಮೂಲವನ್ನು ಪೂರ್ತಿ ಮರೆಸುತ್ತದೆ. ದೇವುಡು ನರಸಿಂಹಶಾಸ್ತ್ರಿಗಳು ‘ನಮ್ಮ ಪುಸ್ತಕ’ ಎಂಬ ಮಕ್ಕಳ ಪತ್ರಿಕೆಯನ್ನು ನಡೆಸಿದರು, ಆರ್. ಕಲ್ಯಾಣಮ್ಮನವರು 1938ರಲ್ಲಿ ಬೆಂಗಳೂರಿನಲ್ಲಿ ಮಕ್ಕಳ ಕೂಟವನ್ನು ಆರಂಭಿಸಿದರು. ಹೊಯಿಸಳ ಎಂಬ ಹೆಸರಿನಿಂದ ಬರೆದ ಅರಗದ ಲಕ್ಷ್ಮಣರಾಯರು ಸಣ್ಣ ತರಗತಿಯ ಮಕ್ಕಳ ಬಾಯಿಗೆ ಹೊಂದುವ ಪದ್ಯಗಳನ್ನು ಕೊಟ್ಟರು. ಇವರೆಲ್ಲರ ಹೆಸರನ್ನು ಹಿಂದಿಕ್ಕಿದ ಹೆಸರು ಜಿ.ಪಿ. ರಾಜರತ್ನಂ (1908–1979). ಶಿಶುಪ್ರಾಸ, ಅಂದರೆ ಅರ್ಥಕ್ಕಿಂತ ಸದ್ದು ಮುಂದಾಗಿ ನಡೆಯುವ, ನಾಲ್ಕು ನಾಲ್ಕು ಮಾತ್ರೆಗಳ ಸರಳ ಲಯದ ಪುಟ್ಟ ಪದ್ಯ, ಅವರ ಕೈಯಲ್ಲಿ ಮುಟ್ಟಿದ ಎತ್ತರವನ್ನು ಆಮೇಲೆ ಮುಟ್ಟಲಿಲ್ಲ ಎನ್ನುವುದು ನಿಜ. ತುತ್ತೂರಿಯ ಪದ್ಯದ ಕೊನೆಯಲ್ಲಿ ಜಂಬಕ್ಕೆ ತಕ್ಕ ಶಾಸ್ತಿ ಇದೆ ಎಂದು ತೋರಿಸಿ ಅದನ್ನು ನೀತಿಪದ್ಯದ ಸಾಲಿಗೆ ಸೇರಿಸುವವರು ಅದನ್ನು ಒಮ್ಮೆ ಮೂರನೆಯ ತರಗತಿಯಲ್ಲಿ ಓದಿಸಿ ನೋಡಬೇಕು. ಮಕ್ಕಳು ನಗುವುದು ನೀರು ತುಂಬಿದ ತುತ್ತೂರಿಯ ಸದ್ದು ಕೆಡುವಲ್ಲಿ, ಶಾಸ್ತಿ ಬರುವ ಹೊತ್ತಿಗೆ ಅವರ ಮನಸ್ಸು ಬೇರೆಡೆಗೆ ಹೋಗಿರುತ್ತದೆ. ಆದರೆ ರಾಜರತ್ನಂ ಅವರ ಲೋಕ ಹಳೆಯ ಮೈಸೂರಿನದು. ಅವರ ಒಂದು ಸಂಕಲನದ ಹೆಸರಾದ ‘ಕಡಲೆಪುರಿ’ಯನ್ನು ಹರಪನಹಳ್ಳಿ, ಕೊಟ್ಟೂರುಗಳಲ್ಲಿ ಯಾರೂ ಹಾಗೆ ಕರೆಯುವುದಿಲ್ಲ, ಇಲ್ಲಿ ಅದು ಮಂಡಕ್ಕಿ, ಇನ್ನೂ ಬಡಗಣಕ್ಕೆ ಹೋದರೆ ಚುರುಮುರಿ. ಒಂದು ಪದದ ಮಾತು ಅಲ್ಪವೆನಿಸಬಹುದು, ಆದರೆ ಮಗುವಿನ ಪುಸ್ತಕದಲ್ಲಿ ಇರುವುದೇ ನೂರಿನ್ನೂರು ಪದ.

ಪದ್ಯವೇ ಎಲ್ಲ ಎಂಬ ತೀರ್ಮಾನವನ್ನು ಒಂದೇ ಏಟಿಗೆ ಅಲ್ಲಗಳೆಯುವ ಪುಸ್ತಕ ಶಿವರಾಮ ಕಾರಂತರ ಬಾಲಪ್ರಪಂಚ. 1936ರಲ್ಲಿ ಮೂರು ಸಂಪುಟಗಳಲ್ಲಿ ಬಂದ ಈ ಸಚಿತ್ರ ವಿಶ್ವಕೋಶ, ಅಂದರೆ ಅನೇಕ ಶಾಸ್ತ್ರಗಳ ತಿಳಿವನ್ನು ಒಂದೆಡೆ ಕೂಡಿಸಿದ ಗ್ರಂಥ, ಒಬ್ಬನೇ ಲೇಖಕ ಮಕ್ಕಳಿಗಾಗಿ ಬರೆದದ್ದು; ಅದೂ ಕನ್ನಡದಲ್ಲಿ ವಿಜ್ಞಾನ ಹೇಳಲು ಪದಗಳೇ ಇಲ್ಲ ಎಂದು ದೊಡ್ಡವರು ಕೈಚೆಲ್ಲಿದ್ದ ಕಾಲದಲ್ಲಿ. ಕಾರಂತರ ಗದ್ಯ ಮಗುವನ್ನು ಮುದ್ದಿಸುವುದಿಲ್ಲ, ಮಗು ಎಂದು ಧ್ವನಿ ತಗ್ಗಿಸುವುದೂ ಇಲ್ಲ. ಎದುರಿಗಿರುವವನು ಕೇಳಿಸಿಕೊಳ್ಳಬಲ್ಲ ಎಂಬ ನಂಬಿಕೆಯಿಂದ ಹೇಳಿಕೊಂಡು ಹೋಗುತ್ತದೆ, ಈ ಮರ್ಯಾದೆಯೇ ಅದರ ದೊಡ್ಡ ಗುಣ. ಅದರಲ್ಲಿನ ಖಗೋಳ, ಭೌತಶಾಸ್ತ್ರದ ಮಾಹಿತಿ ಈಗ ಹಳತಾಗಿದೆ ಎಂಬ ಆಕ್ಷೇಪಕ್ಕೆ ಕಾರಂತರೇ 1959ರಿಂದ 1964ರವರೆಗೆ ನಾಲ್ಕು ಸಂಪುಟಗಳ ವಿಜ್ಞಾನ ಪ್ರಪಂಚವನ್ನು ಬರೆದು ಉತ್ತರ ಕೊಟ್ಟಿದ್ದಾರೆ. ಮಾಹಿತಿ ಹಳತಾಗುತ್ತದೆ, ವಾಕ್ಯ ಹಳತಾಗುವುದಿಲ್ಲ. ಇವತ್ತಿನ ವಿಜ್ಞಾನ ಪಠ್ಯಗಳ ಸಂಸ್ಕೃತಮಯ ಕನ್ನಡದ ಪಕ್ಕದಲ್ಲಿ ಬಾಲಪ್ರಪಂಚದ ಒಂದು ಪುಟವನ್ನು ಇಟ್ಟು ನೋಡಿದವರಿಗೆ ಇದು ಹೊಳೆಯದೆ ಇರದು.

ಈ ಐದು ತಾಲ್ಲೂಕುಗಳ ಮಟ್ಟಿಗೆ 1949 ಮತ್ತು ಮದ್ರಾಸಿನಿಂದ ಬೇರೆಯಾದ 1953 ಎರಡೂ ಗಡಿಗಲ್ಲುಗಳು. 1949ರ ಜುಲೈನಲ್ಲಿ ಮದ್ರಾಸಿನಿಂದ ಚಂದಮಾಮದ ಕನ್ನಡ ಆವೃತ್ತಿ ಹೊರಟಿತು. ಶಾಲೆಯ ಹಂಗಿಲ್ಲದೆ, ಪರೀಕ್ಷೆಯ ಭಯವಿಲ್ಲದೆ, ಕಥೆಗಾಗಿಯೇ ಕೊಂಡು ಓದುವ ಅಭ್ಯಾಸವನ್ನು ಬೆಳೆಸಿದ ಕೀರ್ತಿಯಲ್ಲಿ ದೊಡ್ಡ ಪಾಲು ಅದರದು. ಅದರ ಅರಮನೆ, ರಾಕ್ಷಸ, ಬೇತಾಳಗಳನ್ನು ಗಂಭೀರ ವಿಮರ್ಶಕರು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೂ ಓದುಗರನ್ನು ತಯಾರು ಮಾಡಿದ್ದು ಅದೇ. ಕೊಟ್ಟೂರಿನ ತೇರು, ಮೈಲಾರದ ಜಾತ್ರೆಗಳಲ್ಲಿ ಬತ್ತಾಸು, ಪೀಪಿಗಳ ಪಕ್ಕದಲ್ಲಿ ಮಾರಾಟವಾಗುತ್ತಿದ್ದ, ಗದಗ, ಹುಬ್ಬಳ್ಳಿಯ ಕಡೆ ಅಚ್ಚಾದ ಅಗ್ಗದ ಕಥೆಪುಸ್ತಕಗಳ ಚರಿತ್ರೆಯನ್ನೂ ಇದರೊಡನೆಯೇ ಬರೆಯಬೇಕು. ಗ್ರಂಥಾಲಯದ ವಿಷಯದಲ್ಲಂತೂ ಮದ್ರಾಸಿನ ನಂಟು ಲಾಭವನ್ನೇ ತಂದಿತ್ತು: 1948ರ ಮದ್ರಾಸ್ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಳ್ಳಾರಿ ಜಿಲ್ಲೆಗೂ ಅನ್ವಯಿಸುತ್ತಿತ್ತು, ಹಳೆಯ ಮೈಸೂರಿನವರು ಇಂಥ ಕಾಯಿದೆಗಾಗಿ 1965ರವರೆಗೆ ಕಾಯಬೇಕಾಯಿತು.

ರಾಜ್ಯ ಒಂದಾದ 1956ರಿಂದ ಮುಂದಿನ ಇಪ್ಪತ್ತು ವರ್ಷಗಳೇ ಈ ಸಮೀಕ್ಷೆಯ ನಡುಮನೆ. ಆಗ ಶಾಲೆಗೆ ಹೋದ ಪೀಳಿಗೆಗೆ ಬಡಗಣದಿಂದ ಮತ್ತೊಂದು ಧಾರೆ ತೆರೆದುಕೊಂಡಿತು, ಕನ್ನಡ ಮಕ್ಕಳ ಸಾಹಿತ್ಯದ ಚರಿತ್ರೆಗಳು ಅತ್ಯಂತ ಜಿಪುಣತನ ತೋರಿಸಿರುವುದೂ ಇದರ ಬಗ್ಗೆಯೇ. ವಿಜಯಪುರ ಜಿಲ್ಲೆಯಲ್ಲಿ ಶಿಶು ಸಂಗಮೇಶ, ಶಂ.ಗು. ಬಿರಾದಾರ, ಕಂಚ್ಯಾಣಿ ಶರಣಪ್ಪ ಮೊದಲಾದವರು ಸೇರಿ ಒಂದು ಬಳಗವೇ ಬೆಳೆಯಿತು. ಶಾಲೆಯ ಮೇಷ್ಟ್ರುಗಳಾಗಿ ಮಕ್ಕಳನ್ನು ನೆನಪಿನಲ್ಲಿ ಅಲ್ಲ, ಎದುರಿನ ಬೆಂಚಿನಲ್ಲಿ ಕಂಡವರ ಬರಹ ಇದು. ಬೆಂಗಳೂರಿನ ಪ್ರಕಾಶಕರ ಬಾಗಿಲು ಕಾಯುವ ಬದಲು ಶಿಶು ಸಂಗಮೇಶರು ವಿಜಯಪುರದಲ್ಲೇ ಬಾಲಭಾರತಿ ಪ್ರಕಾಶನವನ್ನು ಕಟ್ಟಿ ತಮ್ಮವರ ಪುಸ್ತಕಗಳನ್ನು ತಾವೇ ಹೊರತಂದರು. ತುಂಗಭದ್ರೆಯ ಆಚೆ ದಡದ ಸೀಮೆಯ ದ್ಯಾಂಪುರದಲ್ಲಿ ಹುಟ್ಟಿ ದೊಡ್ಡ ಅಧಿಕಾರಿಯಾಗಿ ಬೆಳೆದ ಸಿದ್ಧಯ್ಯ ಪುರಾಣಿಕರು ತಮ್ಮ ಮಕ್ಕಳ ಸಂಕಲನಕ್ಕೆ ‘ತುಪ್ಪಾ ರೊಟ್ಟಿ ಗೇಗೇಗೇ’ ಎಂದು ಹೆಸರಿಟ್ಟಾಗ, ರೊಟ್ಟಿಯ ಸೀಮೆಯ ತಾಯಂದಿರು ಕೂಸಿನ ಕೈ ಹಿಡಿದು ಚಪ್ಪಾಳೆ ತಟ್ಟಿಸುತ್ತಿದ್ದ ನುಡಿಯೇ ಪುಸ್ತಕದ ಹೊದಿಕೆಯ ಮೇಲೆ ಬಂದಿತು. ಅವ್ವ, ಬುತ್ತಿ, ಎಳ್ಳಮವಾಸ್ಯೆ, ಜೋಳದ ತೆನೆ ಇವೆಲ್ಲ ಅಡಿಟಿಪ್ಪಣಿಯ ಊರುಗೋಲಿಲ್ಲದೆ ನಡೆದಾಡುವ ಈ ಪದ್ಯಗಳು ಹರಪನಹಳ್ಳಿ, ಹಡಗಲಿಯ ಮಗುವಿಗೆ ಕರಾವಳಿಯ ಪಾಠಕ್ಕಿಂತಲೂ ಬೆಂಗಳೂರಿನ ಪ್ರಾಸಕ್ಕಿಂತಲೂ ಹತ್ತಿರದವು. ಇವುಗಳಲ್ಲಿ ಹಲವು ಸಾಧಾರಣ, ಕೆಲವು ಬರೀ ಉಪದೇಶ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಬೆಂಗಳೂರಿನವುಗಳಲ್ಲಿಯೂ ಹಲವು ಸಾಧಾರಣವೇ, ಆದರೆ ಅವು ಮರುಮುದ್ರಣಗೊಂಡಿವೆ. ಇದೇ ಅವಧಿಯಲ್ಲಿ ಅಂಕೋಲೆಯ ದಿನಕರ ದೇಸಾಯಿಯವರು ಗಡಿಯಾರದಂಥ ದಿನಬಳಕೆಯ ವಸ್ತುವನ್ನೇ ಹಿಡಿದು ಬರೆದ ಪದ್ಯಗಳನ್ನೂ, ಕಾಸರಗೋಡಿನ ಕಯ್ಯಾರ ಕಿಞ್ಞಣ್ಣ ರೈ ಅವರು ಗಡಿಯಾಚೆ ಉಳಿದ ಕನ್ನಡ ಮಕ್ಕಳಿಗಾಗಿ ಮಾಡಿದ ಕೆಲಸವನ್ನೂ ಸೇರಿಸಿಕೊಂಡರೆ, ಕನ್ನಡದ ಮಕ್ಕಳ ಸಾಹಿತ್ಯ ಅಂಚುಗಳಲ್ಲಿಯೇ ಹೆಚ್ಚು ಜೀವಂತವಾಗಿತ್ತು ಎಂಬುದು ಕಾಣುತ್ತದೆ.

1965ರ ಸುಮಾರಿಗೆ ಚಿತ್ರಕಥೆಗಳು ಬಂದವು. ಅಮರ ಚಿತ್ರಕಥೆ ಮುಂಬಯಿಯ ಕೂಸು ಎಂಬ ನಂಬಿಕೆ ಹಬ್ಬಿದ್ದರೂ ಆ ಮಾಲೆಯ ಮೊದಲ ಹತ್ತು ಪುಸ್ತಕಗಳು ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಕನ್ನಡದಲ್ಲಿ ಬಂದವು. ಇಂಗ್ಲಿಷಿನ ಮಾಲೆ ಹನ್ನೊಂದನೆಯ ಸಂಖ್ಯೆಯಿಂದ ಆರಂಭವಾಗಲು ಅದೇ ಕಾರಣ. 1970ರ ದಶಕ ದೊಡ್ಡ ಯೋಜನೆಗಳ ಕಾಲ. ನಿರಂಜನರ ಸಂಪಾದಕತ್ವದಲ್ಲಿ ಏಳು ಸಂಪುಟಗಳ ‘ಜ್ಞಾನ ಗಂಗೋತ್ರಿ’ ಎಂಬ ಕಿರಿಯರ ವಿಶ್ವಕೋಶ ಬಂತು, ಅನುಪಮಾ ನಿರಂಜನರು ವರ್ಷದ ಪ್ರತಿ ದಿನಕ್ಕೂ ಒಂದರಂತೆ ಹನ್ನೆರಡು ಸಂಪುಟಗಳ ‘ದಿನಕ್ಕೊಂದು ಕಥೆ’ಯನ್ನು ಕೊಟ್ಟರು, ರಾಷ್ಟ್ರೋತ್ಥಾನ ಪರಿಷತ್ತು ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ 510 ಕಿರುಹೊತ್ತಗೆಗಳ ‘ಭಾರತ ಭಾರತಿ’ ಮಾಲೆಯನ್ನು ತಂದಿತು. ಈ ಕೊನೆಯದು ಹಳ್ಳಿಯ ಶಾಲೆಗಳವರೆಗೂ ಮುಟ್ಟಿದ ರೀತಿ ಮೆಚ್ಚತಕ್ಕದ್ದು, ಅದರಲ್ಲಿನ ಮಹಾಪುರುಷರೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ತಪ್ಪೇ ಮಾಡದವರಾದದ್ದು ಬೇರೆ ಮಾತು. ನಗುವುದನ್ನು ಬಲ್ಲ ಮಹಾಪುರುಷ ಬೇಕೆಂದವರು, ಹರಪನಹಳ್ಳಿಯಲ್ಲಿಯೇ 1913ರಲ್ಲಿ ಹುಟ್ಟಿದ ಬೀchiಯವರ ತಿಂಮನನ್ನು ದೊಡ್ಡವರ ಕಪಾಟಿನಿಂದ ಕದ್ದು ಓದಬೇಕಾಗಿತ್ತು.

ಈ ಎಲ್ಲ ಪುಸ್ತಕಗಳು ಮರೆಯಾದದ್ದು ಓದುಗರು ಬಿಟ್ಟುಕೊಟ್ಟದ್ದರಿಂದ ಎನ್ನುವುದು ಅರೆಸತ್ಯ. ಪಠ್ಯಪುಸ್ತಕ ಸಮಿತಿ ಒಂದು ಸಂಕಲನದಿಂದ ಒಂದು ಪದ್ಯವನ್ನು ಎತ್ತಿಕೊಂಡಾಗ ಆ ಪದ್ಯ ಲಕ್ಷಾಂತರ ಮಕ್ಕಳ ಬಾಯಿ ಸೇರುತ್ತದೆ, ಉಳಿದ ಮೂವತ್ತು ಪದ್ಯಗಳ ಪುಸ್ತಕಕ್ಕೆ ಕೊಳ್ಳುವವರು ಇಲ್ಲವಾಗುತ್ತಾರೆ. ಬೊಳುವಾರು ಮಹಮದ್ ಕುಂಞಿ ಅವರು 1992ರಲ್ಲಿ ಸಂಪಾದಿಸಿದ ‘ತಟ್ಟು ಚಪ್ಪಾಳೆ ಪುಟ್ಟ ಮಗು’ ಎಷ್ಟೋ ಪದ್ಯಗಳನ್ನು ಅಳಿವಿನಿಂದ ಉಳಿಸಿತು, ಆದರೆ ಎಷ್ಟೇ ಒಳ್ಳೆಯದಾದರೂ ಅದು ಆಯ್ಕೆಯೇ. ಇನ್ನು ಸಗಟು ಖರೀದಿ, ಅಂದರೆ ಸರ್ಕಾರವೇ ಗ್ರಂಥಾಲಯಗಳಿಗಾಗಿ ಪುಸ್ತಕವನ್ನು ನೂರಾರು ಪ್ರತಿಗಳಲ್ಲಿ ಕೊಳ್ಳುವ ಪದ್ಧತಿ, ಹೊಸ ಪುಸ್ತಕಕ್ಕೆ ನೆರವಾಗುತ್ತದೆಯೇ ಹೊರತು ಹಳೆಯದನ್ನು ಮತ್ತೆ ಅಚ್ಚು ಹಾಕಲು ಯಾರನ್ನೂ ಪ್ರೇರಿಸುವುದಿಲ್ಲ. ಚಿತ್ರ ಬರೆದವರ ಹೆಸರು ಅನೇಕ ಪುಸ್ತಕಗಳಲ್ಲಿ ಮೊದಲೇ ಇರಲಿಲ್ಲ. ಒಂದು ಕೊರತೆ ಮಾತ್ರ ಆ ಕಾಲದ್ದೇ, ಅದನ್ನು ಮರುಮುದ್ರಣ ತುಂಬಲಾರದು: ಈ ಐದು ತಾಲ್ಲೂಕುಗಳ ತುಂಬ ಇರುವ ಲಂಬಾಣಿ ತಾಂಡಾಗಳ ಮಗು, ಕುರಿಯ ಹಿಂದೆ ಊರೂರು ಅಲೆಯುವ ಮಗು, ಹೊಲೆಗೇರಿ ಮಾದಿಗಗೇರಿಗಳ ಮಗು ಈ ಹೆಸರಾಂತ ಪುಸ್ತಕಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ.

2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಐದೂ ತಾಲ್ಲೂಕುಗಳು ಆ ಜಿಲ್ಲೆಯ ಆಡಳಿತದ ಕೆಳಗೆ ಇವೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ, 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳು ಅವುಗಳ ಸದಸ್ಯರಾಗಿದ್ದಾರೆ. ಕಪಾಟಿನಲ್ಲಿ ಏನಿಡಬೇಕು ಎಂಬ ಪ್ರಶ್ನೆಗೆ ಕಾನೂನು ಅಡ್ಡಿಯಾಗಿಲ್ಲ. ಭಾರತದಲ್ಲಿ ಲೇಖಕ ತೀರಿಕೊಂಡ 60 ವರ್ಷಗಳ ಮೇಲೆ ಕೃತಿಯ ಹಕ್ಕುಸ್ವಾಮ್ಯ ಮುಗಿದು ಅದು ಸಾರ್ವಜನಿಕರ ಸ್ವತ್ತಾಗುವುದರಿಂದ, ಪಂಜೆಯವರ ಎಲ್ಲ ಬರಹವನ್ನೂ, 1959ರಲ್ಲಿ ನಿಧನರಾದ ಹೊಯಿಸಳರದನ್ನು 2020ರಿಂದಲೂ, 1962ರಲ್ಲಿ ನಿಧನರಾದ ದೇವುಡು ಅವರದನ್ನು 2023ರಿಂದಲೂ ಯಾರ ಅಪ್ಪಣೆಯೂ ಇಲ್ಲದೆ ಅಚ್ಚು ಹಾಕಬಹುದು. ರಾಜರತ್ನಂ ಅವರ ಹಕ್ಕು 2039ರ ಕೊನೆಯವರೆಗೆ ಇದೆಯಾದರೂ ಅವರಿಗೆ ಪ್ರಕಾಶಕರ ಕೊರತೆಯಿಲ್ಲ. ಬಡಗಣದ ಮೇಷ್ಟ್ರುಗಳ ಪುಸ್ತಕಗಳ ಮಾತು ಬೇರೆ: ಅವರ ವಾರಸುದಾರರನ್ನು ಕಂಡು ಒಪ್ಪಿಗೆ ಪಡೆಯುವುದಕ್ಕಿಂತ ಮೊದಲು, ಹರಿಯದ ಒಂದೊಂದು ಪ್ರತಿಯನ್ನಾದರೂ ಹಳೆಯ ಶಾಲೆಗಳ ಟ್ರಂಕುಗಳಲ್ಲಿ, ನಿವೃತ್ತ ಶಿಕ್ಷಕರ ಮನೆಯ ಅಟ್ಟಗಳ ಮೇಲೆ ಹುಡುಕಬೇಕಾಗಿದೆ, ಗೆದ್ದಲು ಅದಾಗಲೇ ಆ ಕೆಲಸಕ್ಕೆ ತೊಡಗಿದೆ.