ಹೊಸ ವಿದ್ಯಾರ್ಥಿಗೆ ಗ್ರಂಥಾಲಯದ ದೀಕ್ಷೆ

ನೀವು ಕಾಲೇಜು ಸೇರಿದ ಮೊದಲ ದಿನಗಳನ್ನು ನೆನಪಿಸಿಕೊಳ್ಳಿ. ಗ್ರಂಥಾಲಯದಲ್ಲಿ ನಿಮಗೊಂದು ಕಾರ್ಡು ಸಿಕ್ಕಿರಬೇಕು. ಆದರೆ ಕಪಾಟುಗಳಲ್ಲಿ ತುಂಬಿದ್ದ ಪುಸ್ತಕಗಳ ನಡುವೆ ನಿಮಗೆ ಬೇಕಾದುದನ್ನು ಹುಡುಕುವುದು ಹೇಗೆಂದು ಯಾರಾದರೂ ಕಲಿಸಿದ್ದರೇ? ಹಾಗೆ ಕಲಿಸುವುದು ಗ್ರಂಥಪಾಲಕರ ಕರ್ತವ್ಯವೆಂದು ನಮ್ಮ ದೇಶದಲ್ಲಿ ಶಾಸ್ತ್ರಬದ್ಧವಾಗಿ ಪ್ರತಿಪಾದಿಸಿದವರು ಒಬ್ಬ ಗಣಿತದ ಮೇಷ್ಟ್ರು. ಅವರೇ ಎಸ್. ಆರ್. ರಂಗನಾಥನ್ (1892-1972).

ಗಣಿತದಿಂದ ಗ್ರಂಥಾಲಯಕ್ಕೆ

ಮದ್ರಾಸಿನಲ್ಲಿ ಗಣಿತ ಕಲಿತ ರಂಗನಾಥನ್, 1917ರಲ್ಲಿ ಅಧ್ಯಾಪಕರಾಗಿ ಸೇರಿದ್ದು ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜನ್ನು. ಮುಂದೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. 1924ರ ಜನವರಿಯಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಗ್ರಂಥಾಲಯದ ಅನುಭವವಿಲ್ಲದ ಅವರಿಗೆ ಆ ಕೆಲಸ ಮೊದಮೊದಲು ಬೇಸರ ತಂದಿತು. ತರಗತಿಗೆ ಮರಳಲು ಮನಸ್ಸು ಹಾತೊರೆಯಿತು. ಆದರೆ ಅದೇ ವರ್ಷ ತರಬೇತಿಗಾಗಿ ಲಂಡನ್ನಿಗೆ ಹೋದಾಗ ಅವರ ನೋಟವೇ ಬದಲಾಯಿತು. ಅಲ್ಲಿ ಹಲವು ಗ್ರಂಥಾಲಯಗಳನ್ನು ಕಂಡರು. ಪುಸ್ತಕ ಕಾಯುವುದು ಬೇರೆ, ಓದುಗನಿಗೆ ನೆರವಾಗುವುದು ಬೇರೆ ಎಂಬುದು ಅವರಿಗೆ ಮನವರಿಕೆಯಾಯಿತು.

1925ರಲ್ಲಿ ಹಿಂತಿರುಗಿದ ಅವರು, ಓದುಗರು ತಾವೇ ಕಪಾಟಿನ ಬಳಿ ಹೋಗಿ ಪುಸ್ತಕ ಆರಿಸಿಕೊಳ್ಳುವ ಮುಕ್ತ ಪ್ರವೇಶವನ್ನು ಜಾರಿಗೆ ತಂದರು. 1931ರಲ್ಲಿ ಅವರ ಪ್ರಸಿದ್ಧ ಪಂಚಸೂತ್ರಗಳ ಗ್ರಂಥ ಹೊರಬಂತು. ಅದರ ಮೊದಲ ಸೂತ್ರಕ್ಕೆ, ಅಂದರೆ ಪುಸ್ತಕಗಳಿರುವುದು ಬಳಸಲಿಕ್ಕೆ ಎಂಬ ಮಾತಿಗೆ, ಹೊಳಹು ಕೊಟ್ಟವರು ಅವರ ಗಣಿತದ ಗುರು ಎಡ್ವರ್ಡ್ ರಾಸ್. ಓದುಗನ ಸಮಯ ಉಳಿಸಬೇಕೆಂಬುದು ನಾಲ್ಕನೆಯ ಸೂತ್ರ.

ಸೂತ್ರದಿಂದ ಸೇವೆಗೆ

ಕಪಾಟು ತೆರೆದಿಟ್ಟ ಮಾತ್ರಕ್ಕೆ ವಿದ್ಯಾರ್ಥಿಯ ಸಮಯ ಉಳಿಯುವುದೇ? ಇಲ್ಲ. ದಾರಿ ತಿಳಿಯದವನಿಗೆ ತೆರೆದ ಬಾಗಿಲೂ ಗೊಂದಲವೇ. ಆದ್ದರಿಂದ ರಂಗನಾಥನ್ ಪರಾಮರ್ಶನ ಸೇವೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಮೊದಲನೆಯದು ಹೊಸಬರಿಗೆ ದೀಕ್ಷೆ: ಪುಸ್ತಕಗಳನ್ನು ಜೋಡಿಸಿರುವ ಕ್ರಮ, ಸೂಚಿಯ ಬಳಕೆ, ಗ್ರಂಥಾಲಯದ ನಿಯಮಗಳನ್ನು ಪರಿಚಯಿಸುವುದು. ಎರಡನೆಯದು ಸಾಮಾನ್ಯ ಓದುಗರಿಗೆ ಸಾಮಾನ್ಯ ನೆರವು. ಮೂರನೆಯದು, ನಿಘಂಟು, ವಿಶ್ವಕೋಶಗಳ ಸಹಾಯದಿಂದ ಕೆಲವೇ ನಿಮಿಷಗಳಲ್ಲಿ ಉತ್ತರ ಒದಗಿಸುವುದು. ನಾಲ್ಕನೆಯದು ದೀರ್ಘ ಹುಡುಕಾಟ. ಇದಕ್ಕೆ ದಿನಗಳೇ ಹಿಡಿಯಬಹುದು.

1933ರಲ್ಲಿ ಪ್ರಕಟವಾದ ಅವರ ಕೋಲನ್ ವರ್ಗೀಕರಣವೂ ಇದಕ್ಕೆ ಪೂರಕ. ಲಂಡನ್ನಿನ ಅಂಗಡಿಯೊಂದರಲ್ಲಿ ಕಂಡ ಮೆಕ್ಯಾನೋ ಆಟಿಕೆ ಇದಕ್ಕೆ ಸ್ಫೂರ್ತಿ. ಕೆಲವೇ ಬಿಡಿಭಾಗಗಳನ್ನು ಜೋಡಿಸಿ ಹಲವು ಆಕೃತಿ ಮಾಡುವಂತೆ, ವಿಷಯವನ್ನೂ ಮುಖಗಳಾಗಿ ಬಿಡಿಸಿ ಜೋಡಿಸಬಹುದು. ‘ಭಾರತದಲ್ಲಿ ಶ್ವಾಸಕೋಶದ ಕ್ಷಯಕ್ಕೆ ಚಿಕಿತ್ಸೆ’ ಎಂಬ ವಿಷಯವನ್ನೇ ನೋಡಿ. ಅಂಗ, ರೋಗ, ಚಿಕಿತ್ಸೆ, ದೇಶ ಎಂದು ಬಿಡಿಸಿಕೊಂಡರೆ ಹುಡುಕಾಟ ಸುಲಭ. ಕಂಪ್ಯೂಟರಿನಲ್ಲಿ ಹುಡುಕುವಾಗಲೂ ಪದಗಳನ್ನು ಆರಿಸಲು ಈ ಉಪಾಯವೇ ನೆರವಿಗೆ ಬರುತ್ತದೆ.

ಬೆಂಗಳೂರಿನ ನಂಟು

ಕಾಶಿ, ದೆಹಲಿ, ಜ್ಯೂರಿಕ್‌ಗಳಲ್ಲಿದ್ದು ಬಂದ ರಂಗನಾಥನ್ 1957ರಿಂದ ಬೆಂಗಳೂರಿನಲ್ಲಿ ನೆಲೆಸಿದರು. ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ 1962ರಲ್ಲಿ ಇಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. ಅವರು ಕೊನೆಯುಸಿರೆಳೆದದ್ದೂ ಈ ನಗರದಲ್ಲೇ.

ಇಂದು ಪುಸ್ತಕ, ಪತ್ರಿಕೆಗಳು ಪರದೆಯ ಮೇಲೆಯೇ ತೆರೆದುಕೊಳ್ಳುತ್ತವೆ. ಆದರೆ ಯಾವ ಮಾಹಿತಿ ನಂಬಲರ್ಹ, ಯಾವುದು ಹಳತು ಎಂಬುದನ್ನು ಪರದೆ ತಾನಾಗಿ ಕಲಿಸುವುದಿಲ್ಲ. ಮನೆಯಲ್ಲಿ ಪುಸ್ತಕಗಳನ್ನೇ ಕಾಣದೆ ಕಾಲೇಜಿಗೆ ಬಂದ ವಿದ್ಯಾರ್ಥಿಗೆ ಇದನ್ನು ಹೇಳಿಕೊಡುವವರು ಬೇಕು. ಅವರಿಲ್ಲದಿದ್ದರೆ ಆತ ಗೈಡುಗಳಲ್ಲೇ ಉಳಿದುಬಿಡುತ್ತಾನೆ. ಗ್ರಂಥಪಾಲಕರನ್ನು ಪುಸ್ತಕ ಕೊಟ್ಟು ಪಡೆಯುವ ಕೆಲಸಕ್ಕಷ್ಟೇ ಸೀಮಿತಗೊಳಿಸಿದರೆ ಆಗುವ ನಷ್ಟ ಇದೇ.

ಮುಂದಿನ ಸಲ ಗ್ರಂಥಾಲಯಕ್ಕೆ ಹೋದಾಗ ಬರೀ ಪುಸ್ತಕ ಕೇಳಬೇಡಿ. ನಿಮ್ಮ ಪ್ರಶ್ನೆಯನ್ನೂ ಕೇಳಿ.