ಒತ್ತುವ ಕೈ, ನೋಡುವ ಕಣ್ಣು

ಹೃದಯ ನಿಂತವನ ಎದೆಯನ್ನು ಹೊರಗಿನಿಂದಲೇ ಒತ್ತಿ ಬದುಕಿಸುವ ವಿದ್ಯೆ ತೀರ ಹೊಸದೇನಲ್ಲ. ಜರ್ಮನಿಯ ಫ್ರೀಡ್ರಿಕ್ ಮಾಸ್ ಎಂಬ ವೈದ್ಯನು 1892ರಲ್ಲಿಯೇ ಇದನ್ನು ಕುರಿತು ಬರೆದಿದ್ದನು. ಲೋಕ ಅದನ್ನು ಮರೆತಿತು. ಶಸ್ತ್ರವೈದ್ಯರು ಎದೆಯನ್ನು ಕೊಯ್ದು, ಹೃದಯವನ್ನು ಕೈಯಿಂದಲೇ ಹಿಸುಕುತ್ತಿದ್ದರು.

ವಿದ್ಯೆ ಮರಳಿ ಬಂದುದು 1958ರಲ್ಲಿ, ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ. ತಂದವನು ವೈದ್ಯನಲ್ಲ, ವಿದ್ಯುತ್ ಇಂಜಿನಿಯರ್ ವಿಲಿಯಂ ಕೌವೆನ್‌ಹೋವನ್ನನ ಶಿಷ್ಯ ಗೈ ನಿಕ್ಕರ್‌ಬಾಕರ್. ನಾಯಿಯ ಎದೆಗೆ ವಿದ್ಯುತ್ತಿನ ಪಟ್ಟಿಗಳನ್ನು ಬಲವಾಗಿ ಅದುಮಿದಾಗ, ವಿದ್ಯುತ್ತು ಹರಿಯುವ ಮೊದಲೇ, ಧಮನಿಯ ರಕ್ತದೊತ್ತಡದ ರೇಖೆ ಮೇಲೇರಿದುದನ್ನು ಆತ ಕಂಡನು. ಶಸ್ತ್ರವೈದ್ಯ ಜೇಮ್ಸ್ ಜೂಡ್ ಅವರೊಡನೆ ಸೇರಿದನು. 1960ರಲ್ಲಿ ಮೂವರೂ ಪ್ರಕಟಿಸಿದ ಲೇಖನದಲ್ಲಿ 20 ರೋಗಿಗಳ ಪೈಕಿ 14 ಮಂದಿ ಬದುಕಿದ್ದರು. ಇದಕ್ಕೆ ಬೇಕಾದುದು ಎರಡು ಕೈಗಳು ಮಾತ್ರ ಎಂದು ಅವರು ಸಾರಿದರು.

ಲೋಕ ಆ ಕೈಗಳನ್ನು ನೆನಪಿಟ್ಟುಕೊಂಡಿತು. ನನಗೋ ಆ ರೇಖೆಯ ಮೇಲೆಯೇ ಕಣ್ಣು. ಒತ್ತಿದ್ದು ಫಲಿಸಿತೆಂದು ಹೇಳಿದ್ದು ಅದೇ ಅಲ್ಲವೆ?

ಮುಂದೆ ವಿದ್ಯೆ ಅಂಕಿಗಳಲ್ಲಿ ನೆಲೆಗೊಂಡಿತು. ನಿಮಿಷಕ್ಕೆ 100ರಿಂದ 120 ಸಲ, ವಯಸ್ಕರಿಗೆ 5ರಿಂದ 6 ಸೆಂಟಿಮೀಟರ್ ಆಳ. ಮನುಷ್ಯನ ತೋಳು ಕೆಲವೇ ನಿಮಿಷಗಳಲ್ಲಿ ಸೋಲುತ್ತದೆ. ಆದ್ದರಿಂದ ಯಂತ್ರ ಬಂದಿತು. ಸ್ವೀಡನ್ನಿನ ಲುಂಡ್ ನಗರದಲ್ಲಿ ಹುಟ್ಟಿದ 'ಲೂಕಾಸ್' ದಣಿಯದೆ, ತಾಳ ತಪ್ಪದೆ ಒತ್ತುತ್ತದೆ. ಆದರೂ 2014 ಮತ್ತು 2015ರಲ್ಲಿ ಪ್ರಕಟವಾದ ಮೂರು ದೊಡ್ಡ ಪರೀಕ್ಷೆಗಳಲ್ಲಿ ಇಂಥ ಯಂತ್ರಗಳು ಕೈಗಿಂತ ಹೆಚ್ಚು ಜೀವ ಉಳಿಸಿದುದು ಕಾಣಲಿಲ್ಲ. ಯಂತ್ರವನ್ನು ಕಟ್ಟುವಾಗ ಕಳೆಯುವ ಹೊತ್ತೂ ಇದಕ್ಕೆ ಕಾರಣವಿರಬಹುದು. ನನಗೆ ತೋರುವ ಇನ್ನೊಂದು ಕಾರಣವುಂಟು: ಬಡಕಲು ಅಜ್ಜಿಯ ಎದೆಗೂ ಜಟ್ಟಿಯ ಎದೆಗೂ ಒಂದೇ ಅಳತೆ! ತಾನು ಎಷ್ಟು ಒತ್ತಿದೆನೆಂಬುದನ್ನು ಯಂತ್ರ ಬಲ್ಲದು. ಒತ್ತಿದ್ದರಿಂದ ಏನಾಯಿತೆಂಬುದನ್ನು ಅರಿಯದು.

ದೇಹವೇನೋ ಉತ್ತರ ಕೊಡುತ್ತಲೇ ಇರುತ್ತದೆ. ರಕ್ತ ಪುಪ್ಪುಸಕ್ಕೆ ತಲುಪಿದಷ್ಟೂ ಹೊರಬರುವ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ. ಹೃದಯ ಮರಳಿ ಮಿಡಿದಾಗ ಅದು ಥಟ್ಟನೆ ಏರುವುದುಂಟು. ಹೃದಯದ ಸ್ವಂತ ರಕ್ತನಾಳಗಳಿಗೆ ದೊರೆಯುವ ಒತ್ತಡವನ್ನು 100 ರೋಗಿಗಳಲ್ಲಿ ಅಳೆದ 1990ರ ಅಧ್ಯಯನದಲ್ಲಿ, ಅದು 15 ಮಿಲಿಮೀಟರ್ ಪಾದರಸವನ್ನೂ ಮುಟ್ಟದವರಲ್ಲಿ ಒಬ್ಬರಿಗೂ ರಕ್ತಚಲನೆ ಮರಳಲಿಲ್ಲ.

ಹಾಗಾದರೆ ಈ ಉತ್ತರವನ್ನು ಸಂವೇದಕಗಳಿಂದ ಕೇಳಿ, ಆಳವನ್ನೂ ವೇಗವನ್ನೂ ತಾನೇ ತಿದ್ದಿಕೊಳ್ಳುವ ಯಂತ್ರ ಏಕಾಗಬಾರದು? ಪ್ರಯೋಗಶಾಲೆಗಳಲ್ಲಿ ಈ ಯತ್ನ ನಡೆದಿದೆ. ಫಿಲಡೆಲ್ಫಿಯದ ಸಂಶೋಧಕರು ಹಂದಿಗಳ ಮೇಲೆ, ರಕ್ತದೊತ್ತಡವನ್ನು ನೋಡಿಕೊಂಡು ಒತ್ತಿದಾಗ, ನಿಗದಿತ ಆಳಕ್ಕೆ ಒತ್ತಿದಾಗಿಗಿಂತ ಹೆಚ್ಚಿನವು ಉಳಿದವು. ಆದರೆ ಹಂದಿಯಿಂದ ಮನುಷ್ಯನಿಗೆ ದಾರಿ ದೂರ. ಮಕ್ಕಳ ತೀವ್ರನಿಗಾ ಘಟಕಗಳ ಸಿಬ್ಬಂದಿಗೆ ಇದೇ ದೃಷ್ಟಿಯ ತರಬೇತಿ ಕೊಟ್ಟು ನೋಡಿದ 2022ರ ಪರೀಕ್ಷೆಯಲ್ಲಿ ಸ್ಪಷ್ಟ ಲಾಭ ಕಾಣಲಿಲ್ಲ.

ಇದರಿಂದ ಎದೆಗುಂದಬೇಕಾಗಿಲ್ಲ. ಬೀದಿಯಲ್ಲಿ ಒಬ್ಬನು ಕುಸಿದುಬಿದ್ದಾಗ ಅಳತೆಗೋಲಿಗಾಗಿ ಕಾಯುವುದು ಸಲ್ಲ. ಅಲ್ಲಿ ಇಂದಿಗೂ ಎರಡು ಕೈಗಳೇ ದೇವರು. ಆಸ್ಪತ್ರೆಯ ಯಂತ್ರದ ಮಾತು ಬೇರೆ. ನಾಡಿ ನೋಡದೆ ಮದ್ದು ಕೊಡುವ ವೈದ್ಯನನ್ನು ನಮ್ಮ ಹಿರಿಯರು ನಂಬುತ್ತಿರಲಿಲ್ಲ. ಯಂತ್ರವನ್ನು ಮಾತ್ರ ಹಾಗೆ ಏಕೆ ನಂಬಬೇಕು?