ಹತ್ತು-ಎಂಟರ ಆ ಸೆಟ್

1934ರ ವಿಂಬಲ್ಡನ್ ಟೆನಿಸ್‌ನ ಮೊದಲ ಸುತ್ತಿನಲ್ಲಿ ಬೊಂಬಾಯಿಯ ಲೀಲಾ ರಾವ್ ಎಂಬ ಇಪ್ಪತ್ತೆರಡರ ತರುಣಿ ಇಂಗ್ಲೆಂಡಿನ ಗ್ಲಾಡಿಸ್ ಸೌತ್‌ವೆಲ್ ಎಂಬವರನ್ನು ಸೋಲಿಸಿದರು. ಅಂಕಗಳು 4-6, 10-8, 6-2. ಟೆನಿಸ್ ನೋಡುವ ಅಭ್ಯಾಸವಿಲ್ಲದವರಿಗೆ ಇದು ಬರೀ ಅಂಕೆ. ಸ್ವಲ್ಪ ತಾಳ್ಮೆಯಿಂದ ನೋಡಿದರೆ ಇದರಲ್ಲಿ ಒಂದು ಕತೆಯೇ ಉಂಟು.

ಆರು ಗೇಮ್ ಗೆದ್ದವರಿಗೆ ಸೆಟ್. ಆದರೆ ಎದುರಾಳಿಗಿಂತ ಎರಡು ಗೇಮ್ ಮುಂದಿರಬೇಕು. ಈಗಿನ ಹಾಗೆ ಬೇಗ ತೀರ್ಮಾನ ಮಾಡುವ ಟೈಬ್ರೇಕರ್ ಆಗ ಇರಲಿಲ್ಲ. ಅದು ವಿಂಬಲ್ಡನ್‌ಗೆ ಬಂದದ್ದು 1971ರಲ್ಲಿ. ಮೊದಲ ಸೆಟ್ ಸೋತ ಲೀಲಾ ಎರಡನೆಯದನ್ನೂ ಸೋತಿದ್ದರೆ ಗಂಟುಮೂಟೆ ಕಟ್ಟಬೇಕಿತ್ತು. ಅವರು ಸೋಲಲಿಲ್ಲ. ಆರಕ್ಕೆ ಮುಗಿಯದೆ, ಏಳಕ್ಕೂ ಮುಗಿಯದೆ, ಎಂಟಕ್ಕೆ ಎಂಟಾಗಿ, ಹದಿನೆಂಟು ಗೇಮ್ ಆಡಿ ಆ ಸೆಟ್ ಗೆದ್ದರು. ಮೂರನೆಯದರಲ್ಲಿ ಎದುರಾಳಿಗೆ ಸಿಕ್ಕಿದ್ದು ಎರಡೇ ಗೇಮ್. ಮುಂದಿನ ಸುತ್ತಿನಲ್ಲಿ ಫ್ರಾನ್ಸಿನ ಇಡಾ ಅಡಮಾಫ್ ಲೀಲಾ ಅವರನ್ನು ಸೋಲಿಸಿದರು. ಆದರೂ ವಿಂಬಲ್ಡನ್‌ನಲ್ಲಿ ಒಂದು ಪಂದ್ಯ ಗೆದ್ದ ಮೊದಲ ಭಾರತೀಯ ಮಹಿಳೆ ಇವರೇ.

ಅದೇ ವರ್ಷದ ಆರಂಭದಲ್ಲಿ ಗಾಂಧೀಜಿ ನಮ್ಮ ಜಿಲ್ಲೆಗೆ ಬಂದಿದ್ದರು. ಹೆಂಗಸರು ಕೈಬಳೆ ಬಿಚ್ಚಿಕೊಟ್ಟ ಕಾಲ ಅದು. ಬಂಟ್ವಾಳ ಪೇಟೆಯಲ್ಲಿದ್ದ ನನ್ನ ಅಜ್ಜಿಗೆ ಆಗ ಹೆಚ್ಚುಕಡಿಮೆ ಲೀಲಾ ಅವರದೇ ಪ್ರಾಯ, ಕಂಕುಳಲ್ಲಿ ಎರಡನೆಯ ಮಗು. ಅಜ್ಜಿಯ ಆಟವೆಂದರೆ ಆಟಿ ತಿಂಗಳ ಜಡಿಮಳೆಯಲ್ಲಿ ಕುಳಿತು ಆಡುವ ಚೆನ್ನೆಮಣೆ. ಕುಳಿತಲ್ಲಿಂದ ಏಳಬೇಕಾಗಿಲ್ಲ, ಸೆರಗು ಜಾರುವುದಿಲ್ಲ! ಮಂಗಳೂರಿನಿಂದ ಹಡಗು ಹತ್ತಿದರೆ ಬೊಂಬಾಯಿ ಎಂದು ಅಜ್ಜಿಗೆ ಗೊತ್ತಿತ್ತು. ಆ ಊರಿನ ಹೆಣ್ಣೊಬ್ಬಳು ಇನ್ನೊಂದು ಹಡಗು ಹತ್ತಿ ಚೆಂಡಾಡಲು ಸೀಮೆಗೆ ಹೋಗುತ್ತಾಳೆಂದರೆ ನಂಬುತ್ತಿದ್ದರೋ ಇಲ್ಲವೋ.

ಲೀಲಾ ಅನುಕೂಲಸ್ಥರ ಮನೆಯ ಮಗಳು ಎಂಬುದನ್ನು ಮರೆಯಬಾರದು. ತಂದೆ ಬೊಂಬಾಯಿಯ ಹೆಸರಾಂತ ವೈದ್ಯರು. ಆದರೆ ಹಣವಿದ್ದ ಮನೆಗಳು ಆಗಲೂ ಬೇಕಾದಷ್ಟಿದ್ದವು; ಅಲ್ಲೆಲ್ಲ ಹೆಣ್ಣುಮಕ್ಕಳ ಕೈಗೆ ರ್‍ಯಾಕೆಟ್ ಕೊಟ್ಟರೇ? ಈ ಮನೆಯಲ್ಲಿ ಹಣಕ್ಕಿಂತ ದೊಡ್ಡದೊಂದಿತ್ತು, ಅದು ತಾಯಿ. ಪಂಡಿತಾ ಕ್ಷಮಾ ರಾವ್ ಹುಟ್ಟಿದ್ದು 1890ರಲ್ಲಿ. ಅಥರ್ವವೇದವನ್ನು ಸಂಪಾದಿಸಿದ ವಿದ್ವಾಂಸ ಶಂಕರ ಪಾಂಡುರಂಗ ಪಂಡಿತರ ಮಗಳು. ತೀರಾ ಎಳೆಯ ಪ್ರಾಯದಲ್ಲೇ ತಂದೆಯನ್ನು ಕಳೆದುಕೊಂಡರೂ ಸಂಸ್ಕೃತವನ್ನು ಬಿಡಲಿಲ್ಲ. ಗಾಂಧೀಜಿಯ ಹೋರಾಟವನ್ನು ಸಂಸ್ಕೃತ ಶ್ಲೋಕಗಳಲ್ಲಿ ಹೇಳಿದ ಅವರ ‘ಸತ್ಯಾಗ್ರಹಗೀತಾ’ 1932ರಲ್ಲಿ ಅಚ್ಚಾದದ್ದು ಪ್ಯಾರಿಸ್ಸಿನಲ್ಲಿ. ಇದೇ ಕ್ಷಮಾ ಟೆನಿಸ್ ಕೂಡ ಆಡುತ್ತಿದ್ದರು, ಸ್ಪರ್ಧೆಗಳಲ್ಲಿ ಗೆಲ್ಲುವಷ್ಟು ಚೆನ್ನಾಗಿ. ಮೂಡುಬಿದಿರೆಯಲ್ಲಿ ನನ್ನ ಈಗಿನ ಮನೆಯಿಂದ ಬಸದಿಗಳು ದೂರವಿಲ್ಲ. ಶಾಸ್ತ್ರಗ್ರಂಥ, ತಾಳೆಗರಿ ಎಂದರೆ ನಮ್ಮ ಕಣ್ಣಿಗೆ ಮೊದಲು ಬರುವವರು ಹಿರಿಯ ಗಂಡಸರು. ಶ್ಲೋಕ ಕಟ್ಟುವ, ಸಂಜೆ ಮಗಳ ಎದುರು ಚೆಂಡು ಹೊಡೆಯಬಲ್ಲ ಹೆಂಗಸನ್ನು ಕಲ್ಪಿಸಿಕೊಳ್ಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

1931ರಿಂದ 1943ರ ನಡುವೆ ಲೀಲಾ ಅಖಿಲ ಭಾರತ ಸಿಂಗಲ್ಸ್ ಪ್ರಶಸ್ತಿಯನ್ನು ಏಳು ಬಾರಿ ಗೆದ್ದರು. 1935ರಲ್ಲಿ ಮತ್ತೆ ವಿಂಬಲ್ಡನ್‌ಗೆ ಹೋದರು, ಆ ಸಲ ಮೊದಲ ಸುತ್ತಿನಲ್ಲೇ ಸೋಲು. ಮುಂದೆ ಯುದ್ಧ ಬಂತು. 1940ರಿಂದ 1945ರವರೆಗೆ ವಿಂಬಲ್ಡನ್ ನಡೆಯಲೇ ಇಲ್ಲ. ಇಲ್ಲಿ ಲೀಲಾ 1940, 1941, 1943ರಲ್ಲಿ ಗೆಲ್ಲುತ್ತಲೇ ಇದ್ದರು. ಕೈ ಪಳಗಿದ ವರ್ಷಗಳಲ್ಲಿ ಆಡಲು ಅಂಗಳವೇ ಇರಲಿಲ್ಲವೆಂಬುದು ನನಗೆ ಅವರ ಸೋಲುಗಳಿಗಿಂತ ಹೆಚ್ಚು ಬೇಸರದ ಸಂಗತಿ.

ಕೊನೆಯ ಪ್ರಶಸ್ತಿಯ ಅದೇ 1943ರಲ್ಲಿ ಐ.ಸಿ.ಎಸ್. ಅಧಿಕಾರಿ ಹರೀಶ್ವರ ದಯಾಳ್ ಅವರೊಡನೆ ಮದುವೆ. ಅಲ್ಲಿಂದಾಚೆ ವಿಜೇತರ ಪಟ್ಟಿಯಲ್ಲಿ ಲೀಲಾ ಹೆಸರಿಲ್ಲ. ಓದುವ ನಾವು ತಕ್ಷಣ ‘ಓ, ಇಲ್ಲೂ ಅದೇ!’ ಎನ್ನುತ್ತೇವೆ. ಬೆಳ್ತಂಗಡಿ ಕಡೆಯ ಹೈಸ್ಕೂಲಿನಲ್ಲಿ ನಾನು ತ್ರೋಬಾಲ್ ಆಡುತ್ತಿದ್ದೆ. ಹುಡುಗರ ವಾಲಿಬಾಲ್ ಮುಗಿದು ನೆಟ್ ಖಾಲಿಯಾದರೆ ನಮ್ಮ ಸರದಿ, ಅಷ್ಟರಲ್ಲಿ ಊರಿನ ಬಸ್ಸು ಬಂದುಬಿಡುತ್ತಿತ್ತು. ತಂಡದ ಏಳು ಮಂದಿಯಲ್ಲಿ ಮದುವೆಯ ನಂತರ ಚೆಂಡು ಮುಟ್ಟಿದವರು ಯಾರೂ ಇಲ್ಲ, ನನ್ನನ್ನೂ ಸೇರಿಸಿ. ಆದರೆ ಲೀಲಾ ಅವರ ಲೆಕ್ಕ ಬೇರೆ. ಮೂವತ್ತೊಂದರ ಪ್ರಾಯ, ಮೊದಲ ಪ್ರಶಸ್ತಿಯಿಂದ ಹನ್ನೆರಡು ವರ್ಷ. ಅವರನ್ನು ಮದುವೆಯೇ ನಿಲ್ಲಿಸಿತೆಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಕೈ ಮಾತ್ರ ಸುಮ್ಮನೆ ಕೂರಲಿಲ್ಲ. ನೃತ್ಯ ಹಿಡಿಯಿತು, ಶಾಸ್ತ್ರೀಯ ನೃತ್ಯದ ಬಗ್ಗೆ, ಮಣಿಪುರಿಯ ಬಗ್ಗೆ ಪುಸ್ತಕ ಬರೆಯಿತು. ನೇಪಾಳದಲ್ಲಿ ಭಾರತದ ರಾಯಭಾರಿಯಾಗಿದ್ದ ಪತಿ 1964ರಲ್ಲಿ ಅಲ್ಲಿನ ಹಿಮಾಲಯದ ಖುಂಬು ಪ್ರದೇಶದಲ್ಲಿ ತೀರಿಕೊಂಡರು.

2005ರಲ್ಲಿ ಸಾನಿಯಾ ಮಿರ್ಜಾ ವಿಂಬಲ್ಡನ್‌ನ ಮೊದಲ ಸುತ್ತು ಗೆದ್ದಾಗ ಆ ಹತ್ತು-ಎಂಟರ ಸೆಟ್‌ಗೆ 71 ವರ್ಷವಾಗಿತ್ತು. ನಮ್ಮ ಬೀದಿಯ ಮಕ್ಕಳೆಲ್ಲ ಸಾನಿಯಾಳ ಮೂಗುತಿಯ ಬಗ್ಗೆ ಮಾತಾಡಿದ್ದೇ ಮಾತಾಡಿದ್ದು. ಲೀಲಾ ಯಾರೆಂದು ಕೇಳಿದರೆ ಉತ್ತರವಿಲ್ಲ.

ತಾಯಿ ಕ್ಷಮಾ 1954ರಲ್ಲಿ ತೀರಿಕೊಂಡರು. ಅವರ ಸಂಸ್ಕೃತ ಕತೆಗಳಲ್ಲಿ ಬಾಲವಿಧವೆಯರು, ಬಡವರು, ಮನೆಯೊಳಗೆ ಬೇಯುವ ಹೆಣ್ಣುಗಳು ಬರುತ್ತಾರೆ. ರ್‍ಯಾಕೆಟ್ ಕೆಳಗಿಟ್ಟ ಮಗಳು ಅಂಥ ಕತೆಗಳನ್ನೆತ್ತಿಕೊಂಡು ಸಂಸ್ಕೃತದಲ್ಲೇ ನಾಟಕಗಳನ್ನಾಗಿ ಬರೆದರು.